ನೆಲದ ಸಾಕ್ಷ್ಯವನ್ನು ಮರೆತ ಕಾನೂನು

ಭಾರತದಲ್ಲಿ ಮಣ್ಣಿನಡಿಯಿಂದ ಹೊರಬರುವ ಮೂರ್ತಿ, ನಾಣ್ಯ, ತಾಮ್ರಪಟಗಳ ರಕ್ಷಣೆಯ ಹೊಣೆಯನ್ನು ಮುಖ್ಯವಾಗಿ ಎರಡು ಕೇಂದ್ರ ಕಾಯ್ದೆಗಳು ಹೊತ್ತಿವೆ. ಬ್ರಿಟಿಷರ ಕಾಲದ 1878ರ ನಿಧಿ ಕಾಯ್ದೆ ವಸ್ತು ಸಿಕ್ಕ ಸಂದರ್ಭಕ್ಕೆ ಸಂಬಂಧಿಸಿದ್ದಾದರೆ, 1972ರಲ್ಲಿ ರಚನೆಯಾಗಿ 1976ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಪುರಾವಸ್ತುಗಳು ಮತ್ತು ಕಲಾನಿಧಿಗಳ ಕಾಯ್ದೆ ಅದರ ಒಡೆತನ, ಮಾರಾಟ ಮತ್ತು ಸಾಗಣೆಗೆ ಸಂಬಂಧಿಸಿದ್ದು. ಇವೆರಡನ್ನೂ ಜೊತೆಯಲ್ಲಿಟ್ಟು ಓದಿದರೆ, ವಸ್ತು ದೇಶದ ಗಡಿ ದಾಟಬಾರದೆಂಬ ಕಾಳಜಿ ಎದ್ದು ಕಾಣುತ್ತದೆ. ಅದು ಸಿಕ್ಕ ನೆಲ ಕೆಡಬಾರದೆಂಬ ಕಾಳಜಿ ಮಾತ್ರ ಹುಡುಕಿದರೂ ಸಿಗುವುದಿಲ್ಲ.

1972ರ ಕಾಯ್ದೆಯ ಪ್ರಕಾರ ನೂರು ವರ್ಷಕ್ಕಿಂತ ಕಡಿಮೆಯಿಲ್ಲದ ಕಲಾಕೃತಿ, ನಾಣ್ಯ, ಶಾಸನಗಳೂ 75 ವರ್ಷಕ್ಕಿಂತ ಕಡಿಮೆಯಿಲ್ಲದ ಮೌಲಿಕ ಹಸ್ತಪ್ರತಿಗಳೂ ಪುರಾವಸ್ತುಗಳೆನಿಸುತ್ತವೆ. ಅವುಗಳನ್ನು ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ, ಪರವಾನಗಿಯಿಲ್ಲದೆ ಮಾರುವ ವ್ಯಾಪಾರ ನಡೆಸುವಂತಿಲ್ಲ, ಅಧಿಸೂಚಿತ ವರ್ಗಕ್ಕೆ ಸೇರಿದವನ್ನು ನೋಂದಾಯಿಸದೆ ಇಟ್ಟುಕೊಳ್ಳುವಂತಿಲ್ಲ. ಅಕ್ರಮ ರಫ್ತಿಗೆ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸವಿದೆ. ಕೋಟಿಗಟ್ಟಲೆ ರೂಪಾಯಿಯ ವ್ಯವಹಾರದ ಮುಂದೆ ಈ ಶಿಕ್ಷೆ ಅಲ್ಪವೆಂಬ ಟೀಕೆ ಸರಿಯಾದದ್ದೇ. ಆದರೆ ಕಾಯ್ದೆಯ ಹೆಚ್ಚಿನ ಕೊರತೆ ಅದು ಸಾಕ್ಷ್ಯವನ್ನು ಗ್ರಹಿಸಿದ ರೀತಿಯಲ್ಲಿದೆ. ನೋಂದಣಿ ಎಂಬುದು ಈಗಾಗಲೇ ಯಾರದೋ ಕೈಯಲ್ಲಿರುವ, ಛಾಯಾಚಿತ್ರ ತೆಗೆಯಬಹುದಾದ ವಸ್ತುವನ್ನು ಕಾಯಬಲ್ಲದು. ತಮಿಳುನಾಡಿನ ಶ್ರೀಪುರಂದಾನ್ ದೇವಾಲಯದಿಂದ ಕಳುವಾಗಿ, 2008ರಲ್ಲಿ ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ಯಾಲರಿಗೆ ಸುಮಾರು 50 ಲಕ್ಷ ಡಾಲರ್‌ಗೆ ಮಾರಾಟವಾಗಿದ್ದ ನಟರಾಜ 2014ರಲ್ಲಿ ಮರಳಿ ಬರಲು ಪುದುಚೇರಿಯ ಫ್ರೆಂಚ್ ಸಂಸ್ಥೆಯಲ್ಲಿದ್ದ ಹಳೆಯ ಛಾಯಾಚಿತ್ರ ಆಧಾರವಾಯಿತು. ನಿನ್ನೆ ರಾತ್ರಿ ಅಗೆದು ತೆಗೆದ ಮೂರ್ತಿಗೆ ಅಂಥ ಯಾವ ಚಿತ್ರವೂ ಇರುವುದಿಲ್ಲ.

ಈ ಕೊರತೆಯನ್ನು ತುಂಬಬೇಕಾಗಿದ್ದ 1878ರ ಕಾಯ್ದೆ ಅದನ್ನು ಇನ್ನಷ್ಟು ಹೆಚ್ಚಿಸುತ್ತದೆ. ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕವನು ಅದರ ಸ್ವರೂಪ, ಅಂದಾಜು ಬೆಲೆ, ಸಿಕ್ಕ ಜಾಗ ಮತ್ತು ದಿನಾಂಕವನ್ನು ಕಲೆಕ್ಟರರಿಗೆ ಬರೆದು ತಿಳಿಸಬೇಕು. ನಂತರ ನಿಧಿಯನ್ನು ಹತ್ತಿರದ ಸರ್ಕಾರಿ ಖಜಾನೆಗೆ ಒಪ್ಪಿಸಬೇಕು ಅಥವಾ ಜಾಮೀನು ಕೊಡಬೇಕು. ಅಂದರೆ ವಸ್ತುವನ್ನು ಇದ್ದಲ್ಲೇ ಬಿಟ್ಟು ತಜ್ಞರು ಬರುವವರೆಗೆ ಕಾಯಿರಿ ಎಂದು ಹೇಳಬೇಕಾದ ಕಾನೂನು, ಅದನ್ನು ಎತ್ತಿ ತನ್ನಿ ಎನ್ನುತ್ತದೆ. ಸರ್ಕಾರ ಅದನ್ನು ಸ್ವಾಧೀನಪಡಿಸಿಕೊಳ್ಳುವಾಗ ಕೊಡಬೇಕಾದದ್ದು ಒಳಗಿನ ಲೋಹದ ಅಥವಾ ಇತರ ದ್ರವ್ಯದ ಬೆಲೆ ಮತ್ತು ಅದರ ಐದನೆಯ ಒಂದು ಭಾಗ. ಚಿನ್ನಕ್ಕೆ ಈ ಲೆಕ್ಕ ಹೊಂದಬಹುದು. ಚೋಳರ ಕಾಲದ ಕಂಚಿನ ಮೂರ್ತಿಯನ್ನು ಗುಜರಿಯ ತೂಕದಲ್ಲಿ ಅಳೆದರೆ, ಸಿಕ್ಕವನು ಕಲೆಕ್ಟರರ ಕಚೇರಿಗಿಂತ ದಲ್ಲಾಳಿಯ ಮನೆಯನ್ನೇ ಆರಿಸಿಕೊಳ್ಳುವುದು ಆಶ್ಚರ್ಯವಲ್ಲ.

ಪತ್ತೂರಿನ ನಟರಾಜನ ಪ್ರಕರಣದಲ್ಲಿ ಆದದ್ದೂ ಇದೇ. 1976ರಲ್ಲಿ ತಂಜಾವೂರು ಸೀಮೆಯ ಪತ್ತೂರಿನ ಪಾಳುಬಿದ್ದ ಶಿವಾಲಯದ ಬಳಿ ಕೂಲಿಕಾರನೊಬ್ಬನಿಗೆ ಸಿಕ್ಕ ಈ ಮೂರ್ತಿ, ಅಧಿಕಾರಿಗಳ ಗಮನಕ್ಕೆ ಬಾರದೆ ಕೈಯಿಂದ ಕೈಗೆ ಸಾಗಿ, 1982ರಲ್ಲಿ ಕೆನಡಾದ ಕಂಪನಿಯೊಂದರ ಪಾಲಾಯಿತು. ಲಂಡನ್ ಪೊಲೀಸರು ಅದನ್ನು ವಶಪಡಿಸಿಕೊಂಡ ಮೇಲೆ ನಡೆದ ವ್ಯಾಜ್ಯದಲ್ಲಿ, ಅದೇ ಜಾಗದಲ್ಲಿ ಆಮೇಲೆ ಅಗೆದಾಗ ಸಿಕ್ಕ ಇತರ ಕಂಚಿನ ಮೂರ್ತಿಗಳೊಂದಿಗೆ ಅದನ್ನು ಹೋಲಿಸಿ ನೋಡಿದ್ದು ನಿರ್ಣಾಯಕವಾಯಿತು. 1988ರಲ್ಲಿ ತೀರ್ಪು ಭಾರತದ ಕಡೆಗಾಯಿತು. 1991ರಲ್ಲಿ ಮೇಲ್ಮನವಿಯೂ ಬಿದ್ದು ಮೂರ್ತಿ ಮರಳಿತು. ಗೆಲ್ಲಿಸಿದ್ದು ನೋಂದಣಿ ಪತ್ರವಲ್ಲ, ಅದೃಷ್ಟವಶಾತ್ ಪೂರ್ತಿ ಕದಡದೆ ಉಳಿದಿದ್ದ ನೆಲ.

1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ ಪರವಾನಗಿಯಿಲ್ಲದ ಉತ್ಖನನವನ್ನು ತಡೆಯುತ್ತದೆಯಾದರೂ ಅದರ ಬಲವೆಲ್ಲ ಸಂರಕ್ಷಿತವೆಂದು ಘೋಷಿತವಾದ ಪ್ರದೇಶಗಳಿಗೆ ಸಂದದ್ದು. ಹೊಲ, ಕೆರೆಯಂಗಳ, ಹಾಳೂರುಗಳು ಅದರ ಆಚೆಗೇ ಉಳಿಯುತ್ತವೆ. ನಿಧಿಗಳ್ಳರ ಹಾವಳಿಯಲ್ಲಿ ಮಾರಲು ಏನೂ ಸಿಗದಿದ್ದರೂ ನಾಶ ಪೂರ್ಣವಾಗಬಹುದೆಂಬುದಕ್ಕೆ, 2019ರ ಜುಲೈನಲ್ಲಿ ಆನೆಗೊಂದಿಯ ನವವೃಂದಾವನದಲ್ಲಿ ವ್ಯಾಸರಾಜರ ವೃಂದಾವನವನ್ನು ಒಡೆದು ಅಗೆದದ್ದೇ ಸಾಕ್ಷಿ. ಮಾರಾಟವನ್ನೇ ಕೇಂದ್ರವಾಗಿಟ್ಟುಕೊಂಡ ಕಾನೂನು ಇಂಥ ಕೃತ್ಯದ ಮುಂದೆ ಅಪ್ರಸ್ತುತವಾಗುತ್ತದೆ.

ಇಂಗ್ಲೆಂಡ್ 1996ರ ನಿಧಿ ಕಾಯ್ದೆಯಲ್ಲಿ ಬೇರೆ ದಾರಿ ಹಿಡಿದಿದೆ. ಅಲ್ಲಿ ಹದಿನಾಲ್ಕು ದಿನಗಳಲ್ಲಿ ತಿಳಿಸಬೇಕು. ವಸ್ತುಸಂಗ್ರಹಾಲಯ ಕೊಂಡುಕೊಂಡರೆ ಮಾರುಕಟ್ಟೆ ಬೆಲೆಗೆ ಸಮನಾದ ಬಹುಮಾನ ಸಿಕ್ಕವನಿಗೂ ನೆಲದ ಒಡೆಯನಿಗೂ ಹಂಚಿಕೆಯಾಗುತ್ತದೆ. ತಪ್ಪಾಗಿ ನಡೆದುಕೊಂಡವನ ಪಾಲನ್ನು ಕಡಿತ ಮಾಡಬಹುದು. ಇದನ್ನು ಇದ್ದಂತೆಯೇ ತರುವುದು ಭಾರತಕ್ಕೆ ಹಿತವಲ್ಲ, ಏಕೆಂದರೆ ಪೂರ್ಣ ಬೆಲೆಯ ಆಸೆ ಇಲ್ಲಿ ಹುಡುಕಾಟವನ್ನೇ ಹೆಚ್ಚಿಸೀತು. ಆದರೆ ಬಹುಮಾನವನ್ನು ನಡತೆಗೆ ಗಂಟುಹಾಕುವ ತತ್ವ ಸ್ವೀಕಾರಾರ್ಹ.

1972ರ ಕಾಯ್ದೆ ರಫ್ತಿನ ತಡೆಯಾಗಿ ಸಮರ್ಥನೀಯ, ಪುರಾತತ್ವದ ರಕ್ಷಣೆಯಾಗಿ ಅಪೂರ್ಣ. 1878ರದು ಎರಡೂ ಅಲ್ಲ. ಶಿಕ್ಷೆಯನ್ನು ಹೆಚ್ಚಿಸುವ ಮೊದಲು, ಆಕಸ್ಮಿಕವಾಗಿ ಸಿಕ್ಕ ವಸ್ತುವನ್ನು ಅಲುಗಿಸದೆ ತಿಳಿಸಿದವನಿಗೆ ಗೌರವದ ಬಹುಮಾನವನ್ನೂ, ತಜ್ಞರು ನಿಗದಿತ ಅವಧಿಯೊಳಗೆ ಆ ಜಾಗಕ್ಕೆ ಬರಬೇಕೆಂಬ ಕಟ್ಟಳೆಯನ್ನೂ ಒಳಗೊಂಡ ಹೊಸ ನಿಧಿ ಕಾಯ್ದೆಯನ್ನು ಶಾಸಕಾಂಗ ರೂಪಿಸಬೇಕಾಗಿದೆ.