ಟ್ಯಾಂಕುಗಳು ಎಲ್ಲಿ ಹೋದವು?

ಬ್ಯಾಂಕಿನಿಂದ ನಿವೃತ್ತನಾದ ಮೇಲೆ ಎಣ್ಣೆಬಣ್ಣದ ಚಿತ್ರ ಕಲಿಯಲು ಕೂತೆ. ಕಾಚಿಗುಡದ ನಮ್ಮ ಅಪಾರ್ಟ್‌ಮೆಂಟಿನ ತಾರಸಿಯೇ ಪಾಠಶಾಲೆ. ಅಲ್ಲಿಂದ 1916ರ ರೈಲು ನಿಲ್ದಾಣದ ಬಿಳಿ ಗುಮ್ಮಟ, ಅದರ ಈಚೆ ಸಾಲು ಸಾಲು ತಾರಸಿಗಳು, ಕಪ್ಪು ನೀರಿನ ಟ್ಯಾಂಕು, ಡಿಶ್ ಆಂಟೆನಾ, ಒಣಹಾಕಿದ ಸೀರೆಗಳು ಕಾಣುತ್ತವೆ. ಮೂರು ತಿಂಗಳು ಬರೆದೆ. ಮುಗೀತು ಅಂದ ದಿನ ಮನೆಯವಳು ನೋಡಿ, “ಇದು ನಮ್ಮ ರಾಯಚೂರಿನ ಮಾಳಿಗಿ ಆಗ್ಯಾದಲ್ರೀ” ಅಂದಳು.

ಹೊಗಳಿಕೆ ಅಂತ ಹಿಗ್ಗಿದೆ. ಪಾಠ ಹೇಳುವ ಹುಡುಗ ಹಿಗ್ಗಲಿಲ್ಲ. “ಸಾರ್, ಟ್ಯಾಂಕುಗಳು ಎಲ್ಲಿ ಹೋದವು?” ಅಂತ ಕೇಳಿದ.

ಆ ಪ್ರಶ್ನೆ ತಲೆಯಲ್ಲಿಟ್ಟುಕೊಂಡೇ ಸಾಲಾರ್ ಜಂಗ್ ಮ್ಯೂಸಿಯಮ್ಮಿಗೆ ಹೋದೆ. ಜನ ಅಲ್ಲಿ ಮುಸುಕಿನ ರೆಬೆಕ್ಕಾಳ ಮುಂದೆ ನೆರೆಯುತ್ತಾರೆ. ನನ್ನ ಕೆಲಸ ಇದ್ದದ್ದು ಐರೋಪ್ಯ ಚಿತ್ರಗಳ ಕೋಣೆಯಲ್ಲಿ, ಕ್ಯಾನಲೆಟ್ಟೋನ ವೆನಿಸ್ ಚೌಕದ ಮುಂದೆ. ಗೆರೆ ಎಂದರೆ ಗೆರೆ, ಅಂಚು ಎಂದರೆ ಅಂಚು. ನಮ್ಮ ಹಳೆಯ ಹೆಡ್ ಕ್ಯಾಷಿಯರ್ ಬರೆದ ಲೆಡ್ಜರಿನ ಹಾಗೆ. ಆದರೆ ಈ ಮನುಷ್ಯ ಚಿತ್ರ ಚೆಂದ ಕೂಡಲೆಂದು ಕಟ್ಟಡಗಳನ್ನು ಅತ್ತಿತ್ತ ಸರಿಸುತ್ತಿದ್ದವನೇ. ಹುಟ್ಟಿದೂರು ಅವನದು, ಸಲಿಗೆ ಇತ್ತು.

ಊರು ಬಿಟ್ಟ ಮೇಲಿನ ಕ್ಯಾನಲೆಟ್ಟೋ ನನಗೆ ಹೆಚ್ಚು ಹತ್ತಿರ. ಯುದ್ಧದಿಂದಾಗಿ ವೆನಿಸ್‌ಗೆ ಬರುವ ಇಂಗ್ಲಿಷ್ ಗಿರಾಕಿಗಳು ಕಡಿಮೆಯಾದಾಗ, 1746ರಲ್ಲಿ, ಗಿರಾಕಿಗಳಿದ್ದಲ್ಲಿಗೆ ತಾನೇ ಹೋದ. ಸುಮಾರು ಒಂಬತ್ತು ವರ್ಷ ಲಂಡನ್ ವಾಸ. ಅಲ್ಲಿ ಇವನು ನಿಜವಾದ ಕ್ಯಾನಲೆಟ್ಟೋನೇ ಅಲ್ಲ ಅನ್ನುವ ಗುಸುಗುಸು ಎದ್ದಿತು. ಪಾಪ, ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು, ಬಂದು ಚಿತ್ರ ನೋಡಿರೆಂದು ಜನರನ್ನು ಕರೆದ. ಸಹಿ ತಾಳೆಯಾಗದೆ ಕೌಂಟರಿನಲ್ಲಿ ನಿಂತ ಎಷ್ಟೋ ಪಿಂಚಣಿದಾರರ ಮುಖ ನನಗೆ ನೆನಪಾಯಿತು.

ಥೇಮ್ಸ್ ನದಿಯ ಮೇಲೂ ವೆನಿಸ್ಸಿನ ಬಿಸಿಲನ್ನೇ ಸುರಿದ ಅನ್ನುವುದು ಅವನ ಮೇಲಿನ ಹಳೆಯ ದೂರು. ದೂರು ಸುಳ್ಳಲ್ಲ. ಆದರೆ 1747ರಲ್ಲಿ ರಿಚ್‌ಮಂಡ್ ಹೌಸಿನ ಎತ್ತರದಿಂದ ನೋಡಿ ಬರೆದ ವೈಟ್‌ಹಾಲ್ ಚಿತ್ರವನ್ನು ನೋಡಿ. ನಾನು ಅಚ್ಚಿನಲ್ಲಷ್ಟೇ ನೋಡಿದ್ದು. ಬೆಳಕು ತವರಿನದೇ ಇರಬಹುದು. ಆದರೆ ಎದುರಿಗಿರುವ ಅಂಗಳ, ಬೋಳು ಗೋಡೆ, ಅದರಾಚೆಯ ತೋಟ ಎಲ್ಲಾ ಲಂಡನ್ನಿನವು. ಚೆಂದವಲ್ಲ ಅಂತ ಅಂಗಳವನ್ನು ಬಿಟ್ಟಿಲ್ಲ, ಗೋಡೆಗೆ ನಾಚಿಲ್ಲ. ಆ ಚಿತ್ರ ಗೆದ್ದದ್ದು ಅದರಿಂದಲೇ ಅಂತ ನನ್ನ ಅಭಿಪ್ರಾಯ.

ಇದೇ ಅಳತೆಗೋಲಿನಲ್ಲಿ ನನ್ನ ಚಿತ್ರಕ್ಕೆ ಪಾಸ್ ಮಾರ್ಕು ಇಲ್ಲ. ರಾಯಚೂರಿನ ಮಣ್ಣಿನ ಬಣ್ಣ ಬಂದದ್ದು ತಪ್ಪಲ್ಲ. ಅಲ್ಲಿಯ ಮನೆ ಮಾರುವ ಕಾಗದಕ್ಕೆ ನಾನೇ ಸಹಿ ಹಾಕಿದ್ದೆ. ಬೇಸಿಗೆಯಲ್ಲಿ ಅಣ್ಣತಮ್ಮಂದಿರು ಸಾಲಾಗಿ ಮಲಗುತ್ತಿದ್ದ ಮಾಳಿಗಿ ಕೈಯಲ್ಲಿ ಉಳಿದಿರಬೇಕು. ತಪ್ಪು ಬೇರೆ. ಮೂವತ್ತು ವರ್ಷ ಅನ್ನ ಕೊಟ್ಟ ಊರಿನ ಟ್ಯಾಂಕು, ಡಿಶ್ಶು, ಸೀರೆಗಳನ್ನು ಒಂದೂ ಬಿಡದೆ ಅಳಿಸಿಹಾಕಿದ್ದೆ. 1956ರವರೆಗೆ ರಾಯಚೂರೂ ಹೈದರಾಬಾದ್ ರಾಜ್ಯದಲ್ಲೇ ಇತ್ತು. ಇದನ್ನು ಪರಸ್ಥಳ ಅನ್ನಲು ನಮ್ಮ ತಂದೆ ಒಪ್ಪುತ್ತಿರಲಿಲ್ಲ. ಪರಸ್ಥಳ ಮಾಡಿಕೊಂಡವನು ನಾನು.

ಎಣ್ಣೆಬಣ್ಣದ ಉಪಕಾರವೆಂದರೆ ತಿದ್ದಲು ಬಿಡುತ್ತದೆ. ಕೆಳಗಿನ ಪದರಕ್ಕೆ ಟರ್ಪೆಂಟೈನ್ ಹೆಚ್ಚು, ಮೇಲಿನದಕ್ಕೆ ಅಗಸೆ ಎಣ್ಣೆ ಹೆಚ್ಚು. ತಿರುಗುಮುರುಗಾದರೆ ಮೇಲಿನದು ಬಿರುಕು ಬಿಡುತ್ತದೆ. ಹಾಗಾಗಿ ಮಣ್ಣಿನ ಬಣ್ಣ ಕೆರೆದು ತೆಗೆಯಲಿಲ್ಲ, ಅದರ ಮೇಲೆಯೇ ಟ್ಯಾಂಕು ಏರಿಸುತ್ತಿದ್ದೇನೆ. ಟ್ಯೂಬಿನ ಕಪ್ಪು ಮುಟ್ಟಬೇಡಿ ಅಂದಿದ್ದಾನೆ ಹುಡುಗ. ಬರ್ನ್ಟ್ ಅಂಬರಿಗೆ ಅಲ್ಟ್ರಾಮರೀನ್ ನೀಲಿ ಬೆರೆಸಬೇಕಂತೆ. ಸಂಜೆ ಹೊತ್ತು ನೋಡಿದರೆ ಹೌದು, ಟ್ಯಾಂಕಿನ ಒಂದು ಮಗ್ಗುಲಿಗೆ ಆಕಾಶದ ನೀಲಿ ಇರುತ್ತದೆ. ಇಷ್ಟು ವರ್ಷ ನೋಡಿರಲಿಲ್ಲ.

ನಾಲ್ಕು ಆಗಿವೆ. ಇನ್ನೂ ಏಳು ಬಾಕಿ.