ಬಾವಲಿ, ತಿಮಿಂಗಿಲ, ರಾಡಾರ್: ಒಂದು ಉಪಮಾನದ ವಿಮರ್ಶೆ

ಶಾಸ್ತ್ರವು ಒಂದು ವಿಷಯಕ್ಕೆ ಹೆಸರಿಟ್ಟೊಡನೆ ಆ ವಿಷಯವೇ ತಿಳಿದುಹೋಯಿತೆಂಬ ಸಮಾಧಾನವು ವಾಚಕರಲ್ಲಿ ಮೂಡುವುದು ಸಹಜ. ಆ ಹೆಸರು ಯಾವ ಕಾಲದಲ್ಲಿ ಹುಟ್ಟಿತು, ಯಾವ ಹೋಲಿಕೆಯ ಆಸರೆಯಿಂದ ಬೆಳೆಯಿತು, ಆ ಹೋಲಿಕೆ ಎಲ್ಲಿಯವರೆಗೆ ನಿಲ್ಲಬಲ್ಲದು ಎಂಬುದನ್ನು ವಿಚಾರಿಸುವುದು ಇತಿಹಾಸದ ಅಭ್ಯಾಸಿಗೆ ಸೇರಿದ ಕೆಲಸ. ತಮ್ಮ ಕೂಗಿನ ಮಾರುದನಿಯನ್ನು ಆಲಿಸಿ ಕತ್ತಲೆಯಲ್ಲಿ ದಾರಿಯನ್ನೂ ಆಹಾರವನ್ನೂ ಅರಿಯುವ ಪ್ರಾಣಿಗಳ ಶಕ್ತಿಗೆ ‘ಎಕೋಲೊಕೇಶನ್’ ಎಂಬ ಹೆಸರನ್ನು ಅಮೆರಿಕದ ಪ್ರಾಣಿಶಾಸ್ತ್ರಜ್ಞರಾದ ಡೊನಾಲ್ಡ್ ಗ್ರಿಫಿನ್ ಅವರು 1944ರಲ್ಲಿ ಕೊಟ್ಟರು. ಆ ಲೇಖನದ ಶಿರೋನಾಮೆಯಲ್ಲಿ ಕುರುಡರು, ಬಾವಲಿಗಳು, ರಾಡಾರ್ ಎಂಬ ಮೂರೂ ಒಂದೇ ಸಾಲಿನಲ್ಲಿವೆ. ಈ ಮೂರನೆಯದನ್ನು ಕುರಿತು ಇಲ್ಲಿ ವಿವೇಚಿಸಲಾಗಿದೆ.

ಗ್ರಿಫಿನ್ ಅವರ ಸಾಧನೆ ನಿಸ್ಸಂದೇಹವಾಗಿ ದೊಡ್ಡದು. ಕಣ್ಣಿಲ್ಲದೆಯೂ ಬಾವಲಿಗಳು ತಡೆಯಿಲ್ಲದೆ ಹಾರುವುದನ್ನು ಇಟಲಿಯ ಸ್ಪಲ್ಲಾನ್ಜಾನಿ 1793ರಲ್ಲಿಯೇ ಕಂಡಿದ್ದನು. ಕಿವಿ ಮುಚ್ಚಿದರೆ ಅವು ದಾರಿ ತಪ್ಪುವುದನ್ನು ಸ್ವಿಟ್ಜರ್ಲೆಂಡಿನ ವೈದ್ಯ ಜ್ಯುರೀನ್ ತೋರಿಸಿದ್ದನು. ಆದರೆ ಕಿವಿ ಕೇಳುವುದಾದರೂ ಏನನ್ನು ಎಂಬ ಪ್ರಶ್ನೆ ಒಂದೂವರೆ ಶತಮಾನ ಉಳಿದುಬಂದಿತು. ಮನುಷ್ಯನ ಶ್ರವಣಶಕ್ತಿಗೆ ಮೀರಿದ ಬಾವಲಿಯ ದನಿಯನ್ನು ಭೌತವಿಜ್ಞಾನಿ ಪಿಯರ್ಸ್ ಅವರ ಉಪಕರಣದಿಂದ ಗ್ರಿಫಿನ್ 1938ರಲ್ಲಿ ಹಿಡಿದರು. ಅವರ ‘ಲಿಸನಿಂಗ್ ಇನ್ ದಿ ಡಾರ್ಕ್’ 1958ರಲ್ಲಿ ಹೊರಬಂದಿತು. ಅದರ ಉಪಶೀರ್ಷಿಕೆಯಲ್ಲಿ ಬಾವಲಿಯೂ ಮನುಷ್ಯನೂ ಉಳಿದಿದ್ದಾರೆ, ರಾಡಾರ್ ಇಲ್ಲ.

ಗ್ರಂಥದ ಹೆಸರಿನಿಂದ ಬಿಟ್ಟುಹೋದ ಆ ಯಂತ್ರ ಜನರ ಕಲ್ಪನೆಯಿಂದ ಮಾತ್ರ ಬಿಟ್ಟುಹೋಗಲಿಲ್ಲ. 1912ರಲ್ಲಿ ಟೈಟಾನಿಕ್ ಹಡಗು ಮುಳುಗಿದಾಗ, ಬಾವಲಿಯಂತೆ ಎದುರಿನ ಅಡ್ಡಿಯನ್ನು ಅರಿಯುವ ಸಾಧನ ಹಡಗುಗಳಿಗೆ ಬೇಕೆಂದು ಹೈರಮ್ ಮ್ಯಾಕ್ಸಿಮ್ ಸೂಚಿಸಿದ್ದನು. ಆಗ ಬಾವಲಿ ಗುರು, ಯಂತ್ರ ಶಿಷ್ಯ. ಎರಡನೆಯ ಮಹಾಯುದ್ಧದ ಅನಂತರ ಈ ಸಂಬಂಧ ತಲೆಕೆಳಗಾಯಿತು. ‘ಬಾವಲಿಯಲ್ಲಿ ರಾಡಾರ್ ಇದೆ, ತಿಮಿಂಗಿಲದಲ್ಲಿ ಸೋನಾರ್ ಇದೆ’ ಎಂದು ಮಕ್ಕಳಿಗೆ ಹೇಳಿಕೊಡುವುದು ವಾಡಿಕೆಯಾಯಿತು. ರಾಡಾರ್ ಬಳಸುವುದು ರೇಡಿಯೋ ತರಂಗಗಳನ್ನೇ ಹೊರತು ಧ್ವನಿಯನ್ನಲ್ಲವೆಂಬ ಸಾಮಾನ್ಯ ಸಂಗತಿಯೂ ಈ ವಾಡಿಕೆಯಲ್ಲಿ ಮರೆಯಾಯಿತು.

ಬೆಳಗಾವಿ ಜಿಲ್ಲೆಯ ಓದುಗರಿಗೆ ಈ ವಿಚಾರ ದೂರದ್ದಲ್ಲ. ಖಾನಾಪುರ ತಾಲ್ಲೂಕಿನ ತಳೇವಾಡಿಯ ಸಮೀಪದ ಬಾರಾಪೇಡೆ ಗುಹೆಗಳಲ್ಲಿ ವಾಸಿಸುವ ಬಿಡಿಬಾಲದ ಬಾವಲಿಯೊಂದನ್ನು ಲಂಡನ್ನಿನ ಓಲ್ಡ್‌ಫೀಲ್ಡ್ ಥಾಮಸ್ 1913ರಲ್ಲಿ ಹೊಸ ಜಾತಿಯೆಂದು ವರ್ಣಿಸಿ, ಅದಕ್ಕೆ ರಾಟನ್ ಎಂಬ ವಿದ್ವಾಂಸನ ಹೆಸರನ್ನಿಟ್ಟನು. 2000ದಲ್ಲಿ ಕಾಂಬೋಡಿಯದಲ್ಲಿಯೂ ಅನಂತರ ಮೇಘಾಲಯದಲ್ಲಿಯೂ ಕಾಣಿಸಿಕೊಳ್ಳುವವರೆಗೆ, ಈ ಜಾತಿಗೆ ಬಾರಾಪೇಡೆಯೊಂದೇ ಲೋಕವಿದಿತ ನೆಲೆಯಾಗಿತ್ತು. ಅಂದಿನ ವರ್ಗೀಕರಣ ಪದ್ಧತಿ ತೊಗಲು, ತಲೆಬುರುಡೆ, ಹಲ್ಲುಗಳನ್ನು ಆಧರಿಸಿದ್ದಿತು. ಜೀವಂತ ಪ್ರಾಣಿಯ ದನಿ ಶಾಸ್ತ್ರದ ದಾಖಲೆಗೆ ಬರಲು ಸುಮಾರು ನೂರು ವರ್ಷಗಳೇ ಹಿಡಿದುವು. ಅಚ್ಚರಿಯೆಂದರೆ, ಆ ದನಿ 20 ಕಿಲೋಹರ್ಟ್ಸ್‌ಗಿಂತ ಕೆಳಗಿನದು. ಎಳೆಯ ಕಿವಿಗೆ ಯಂತ್ರದ ನೆರವಿಲ್ಲದೆಯೂ ಕೇಳಬಹುದಾದದ್ದು. ಕೀಚುದನಿ ಗಾಳಿಯಲ್ಲಿ ಬೇಗ ಅಡಗುತ್ತದೆ, ತಗ್ಗುದನಿ ದೂರ ಸಾಗುತ್ತದೆ. ಮರಗಳ ಮೇಲಣ ತೆರೆದ ಬಾನಿನಲ್ಲಿ ವೇಗವಾಗಿ ಹಾರುವ ಬಾವಲಿಗೆ ಇದೇ ತಕ್ಕದ್ದು.

ಇದೇ ಖಾನಾಪುರದ ಕಾಡಿನಲ್ಲಿ ಹುಟ್ಟಿದ ಮಹದಾಯಿ ಗೋವೆಯನ್ನು ಹಾದು ಅರಬ್ಬೀ ಸಮುದ್ರವನ್ನು ಸೇರುತ್ತದೆ. ಆ ಸಮುದ್ರದ ಆಳದಲ್ಲಿಯೂ ಮಾರುದನಿಯನ್ನು ನಂಬಿ ಬದುಕುವ ಹಲ್ಲುಳ್ಳ ತಿಮಿಂಗಿಲಗಳಿವೆ. ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರು ಸಾಗುವ ಧ್ವನಿ ಕಡಲನೀರಿನಲ್ಲಿ ಸುಮಾರು 1,500 ಮೀಟರು ಸಾಗುತ್ತದೆ. ಸ್ಪರ್ಮ್ ತಿಮಿಂಗಿಲದ ಟಕಟಕ ಸದ್ದನ್ನು ವರ್ದಿಂಗ್‌ಟನ್ ಮತ್ತು ಶೆವಿಲ್ 1957ರಲ್ಲಿ ವರದಿ ಮಾಡಿದರು. ಕ್ಯೂವಿಯರನ ಹೆಸರಿನ ಕೊಕ್ಕು ತಿಮಿಂಗಿಲವು 2,992 ಮೀಟರು ಆಳಕ್ಕೆ ಇಳಿದುದು 2014ರಲ್ಲಿ ಪ್ರಕಟವಾಯಿತು. ಸಾವಿರ ಮೀಟರಿನಲ್ಲಿಯೇ ಒತ್ತಡ ಮೇಲಿನದರ ನೂರು ಪಟ್ಟು. ಒಳಗಿನ ಗಾಳಿ ನೂರರಲ್ಲೊಂದು ಪಾಲಿಗೆ ಕುಗ್ಗುತ್ತದೆ. ಅಷ್ಟು ಗಾಳಿಯನ್ನೇ ಮೂಗಿನ ಮಾರ್ಗದಲ್ಲಿ ಮತ್ತೆ ಮತ್ತೆ ಬಳಸಿ ಅದು ದನಿಯನ್ನು ಹುಟ್ಟಿಸುತ್ತದೆ.

ಯಂತ್ರದ ಉಪಮಾನ ಸೋಲುವುದು ಇಲ್ಲಿಯೇ. ಮೊದಲನೆಯದಾಗಿ, ಜೀವಿಗೆ ಮೌನವೂ ಒಂದು ಉಪಾಯ. ಕೊಕ್ಕು ತಿಮಿಂಗಿಲಗಳ ಮೈಗೆ ಅಂಟಿಸಿದ ಧ್ವನಿಗ್ರಾಹಕಗಳ ಮೂಲಕ 2004ರಲ್ಲಿ ತಿಳಿದುಬಂದಂತೆ, ಅವು ಸುಮಾರು 200 ಮೀಟರು ಆಳವನ್ನು ದಾಟಿದ ಮೇಲೆಯೇ ದನಿಗೈಯುತ್ತವೆ. ಕಿಲ್ಲರ್ ತಿಮಿಂಗಿಲಗಳ ಕಿವಿಗೆ ಬೀಳದಿರಲು ಹೀಗೆ ಮಾಡುತ್ತವೆಂಬುದು ಹಲವು ಸಂಶೋಧಕರ ಅಭಿಪ್ರಾಯ. ಎರಡನೆಯದಾಗಿ, ಬೇಟೆಯೂ ಕಿವಿಗೊಡಬಲ್ಲದು. ಬಾವಲಿಯ ಕೂಗನ್ನು ಕೇಳಿ ಪತಂಗಗಳು ಹಾರಾಟದ ದಿಕ್ಕನ್ನೇ ಬದಲಿಸುತ್ತವೆ. ಮೂರನೆಯದಾಗಿ, ಪ್ರತಿಯೊಂದು ಕೂಗಿಗೂ ಉಸಿರಿನ ಬೆಲೆಯಿದೆ. ದೂರವನ್ನಳೆಯುವ ಯಂತ್ರಕ್ಕೆ ಶತ್ರುವಿನ ಭಯವಾಗಲಿ ಹಸಿವಾಗಲಿ ಇಲ್ಲ.

ಇದು ಬರಿಯ ಶಬ್ದವಿಚಾರವೆಂದು ತಳ್ಳಿಹಾಕುವಂತಿಲ್ಲ. 2000ದ ಮಾರ್ಚಿಯಲ್ಲಿ ಬಹಾಮಾ ದ್ವೀಪಗಳ ದಂಡೆಯಲ್ಲಿ ಹದಿನೇಳು ತಿಮಿಂಗಿಲ ಕುಲದ ಪ್ರಾಣಿಗಳು ಬಂದುಬಿದ್ದುವು. ಅವುಗಳಲ್ಲಿ ಹೆಚ್ಚಿನವು ಕೊಕ್ಕು ತಿಮಿಂಗಿಲಗಳು. ನೌಕಾಪಡೆಯ ಸೋನಾರೇ ಇದಕ್ಕೆ ಕಾರಣವಾಗಿರುವ ಸಂಭವ ಹೆಚ್ಚೆಂದು ಅಮೆರಿಕದ ಸರ್ಕಾರದ 2001ರ ವರದಿಯೇ ಒಪ್ಪಿತು. ಸೋನಾರಿನ ಸದ್ದು ಕಿವಿಗೆ ಬಿದ್ದೊಡನೆ ಈ ಪ್ರಾಣಿಗಳು ದನಿ ನಿಲ್ಲಿಸಿ, ಬೇಟೆ ಬಿಟ್ಟು ದೂರ ಸರಿಯುತ್ತವೆಂದು 2011ರ ಪ್ರಯೋಗಗಳು ತೋರಿಸಿದುವು. ಸೋನಾರುಳ್ಳ ಪ್ರಾಣಿಗೆ ಇನ್ನೊಂದು ಸೋನಾರಿನಿಂದ ಕೇಡೇನು ಎಂದು ಕೇಳುವವರಿಗೆ ಇದೇ ಉತ್ತರ.

ಬಾರಾಪೇಡೆ ಗುಹೆಗಳು ಇಂದು ಭೀಮಗಡ ವನ್ಯಜೀವಿಧಾಮದ ರಕ್ಷಣೆಯಲ್ಲಿವೆ. ಆ ಬಾವಲಿಗೆ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿ ಸ್ಥಾನವಿದೆ. ಇದು ಸ್ತುತ್ಯವೇ. ಆದರೆ ನಕ್ಷೆಯಲ್ಲಿ ಗೆರೆಯೆಳೆದು ಬಂಡೆಯನ್ನು ಉಳಿಸಿದರೆ ಕೆಲಸ ಮುಗಿಯಲಿಲ್ಲ. ಕಿವಿಯಿಂದ ಬದುಕುವ ಪ್ರಾಣಿಗೆ ಗುಹೆಯ ನಿಶ್ಶಬ್ದವೂ ಮುಸ್ಸಂಜೆಯ ಬಾನೂ ಮನೆಯ ಭಾಗಗಳೇ. ತಿಮಿಂಗಿಲಕ್ಕೆ ಆಳಗಡಲಿನ ಮೌನವೂ ಹಾಗೆಯೇ. ಗ್ರಿಫಿನ್ ಅವರು ಕೊಟ್ಟ ಪದವನ್ನು ನಾವು ಉಳಿಸಿಕೊಳ್ಳೋಣ. ಅದಕ್ಕೆ ಯುದ್ಧಕಾಲ ತೊಡಿಸಿದ ಯಂತ್ರದ ಕವಚವನ್ನು ಕಳಚಿ ಓದುವುದು ಲೇಸು.