ಎಲ್ಫ್ ಯಾವ ಊರಿನವಳು?

ಡಂಜನ್ಸ್ ಅಂಡ್ ಡ್ರಾಗನ್ಸ್ ಎಂಬ ಪಾತ್ರಧಾರಿ ಆಟದ 2014ರ ನಿಯಮಪುಸ್ತಕ ಹಿಡಿದು ಎಲ್ಫ್ ಪಾತ್ರ ಕಟ್ಟಲು ಕೂತರೆ ಮುಂದೆ ಮೂರು ದಾರಿಗಳಿರುತ್ತವೆ. ಯಾವ ಎಲ್ಫ್ ಆದರೂ ಚುರುಕುತನಕ್ಕೆ 2 ಅಂಕ ಸೇರುತ್ತದೆ. ಅದರ ಮೇಲೆ ಹೈ ಎಲ್ಫ್‌ಗೆ ಬುದ್ಧಿಯಲ್ಲಿ 1, ಕಾಡಿನ ವುಡ್ ಎಲ್ಫ್‌ಗೆ ವಿವೇಕದಲ್ಲಿ 1, ನೆಲದಾಳದ ಡ್ರೌಗೆ ವರ್ಚಸ್ಸಿನಲ್ಲಿ 1. ಇದರ ಜೊತೆಗೆ ಒಬ್ಬರಿಗೆ ಸಣ್ಣ ಮಂತ್ರ, ಇನ್ನೊಬ್ಬರಿಗೆ ವೇಗದ ನಡಿಗೆ, ಮತ್ತೊಬ್ಬರಿಗೆ ಕತ್ತಲಲ್ಲಿ ದೂರ ಕಾಣುವ ಕಣ್ಣು ಸಿಗುವುದೂ ಉಂಟು. ಆದರೆ ಪಾತ್ರ ಕಟ್ಟುವವರ ಕಣ್ಣು ಮೊದಲು ಹೋಗುವುದು ಆ ಒಂದು ಅಂಕದ ಕಡೆಗೇ. ಹುಟ್ಟಿ ಬೆಳೆದ ನೆಲ ಏನು ಕೊಡುತ್ತದೆ ಎಂಬ ಪ್ರಶ್ನೆಗೆ ಅಂಕದಲ್ಲಿ ಉತ್ತರ ಹೇಳುವ ಈ ಪದ್ಧತಿ ಬುಡದಲ್ಲೇ ತಪ್ಪು ಎಂದು ನನಗನ್ನಿಸುತ್ತದೆ.

ತಪ್ಪು ಎಲ್ಲಿದೆ ಎಂಬುದು ಲೆಕ್ಕ ಹಾಕಿದರೆ ಕಾಣುತ್ತದೆ. ಪುಸ್ತಕ ಕೊಡುವ ಸಿದ್ಧ ಅಂಕಗಳು 15, 14, 13, 12, 10, 8. ಮಾಂತ್ರಿಕ ಪಾತ್ರ ಕಟ್ಟುವವರು 15ನ್ನು ಬುದ್ಧಿಗೆ ಇಡುತ್ತಾರೆ. ಹೈ ಎಲ್ಫ್ ಆದರೆ ಅದು 16 ಆಗಿ, ದಾಳ ಎಸೆದಾಗಲೆಲ್ಲ 3 ಕೂಡುತ್ತದೆ. ವುಡ್ ಎಲ್ಫ್ ಆದರೆ 15ರಲ್ಲೇ ನಿಂತು 2 ಮಾತ್ರ ಕೂಡುತ್ತದೆ. ಇಪ್ಪತ್ತು ಮುಖದ ದಾಳದಲ್ಲಿ ಇದು ನೂರಕ್ಕೆ ಐದರಷ್ಟು ಅಂತರ, ಅದೂ ಬಹುಕಾಲ ಬೆನ್ನು ಬಿಡದ ಅಂತರ. ಹೀಗಾಗಿ ಮಾಂತ್ರಿಕರೆಲ್ಲ ಹೈ ಎಲ್ಫ್‌ಗಳಾಗುತ್ತಾರೆ, ಬಿಲ್ಲು ಹಿಡಿದ ಬೇಟೆಗಾರರೆಲ್ಲ ಕಾಡಿನಿಂದ ಬರುತ್ತಾರೆ. ಆಟಗಾರರು ಮೊದಲು ಕಸುಬು ಆರಿಸಿ, ಆಮೇಲೆ ಅದಕ್ಕೆ ಹೊಂದುವ ಊರನ್ನು ಹುಡುಕುತ್ತಾರೆ. ಕಾಡಿನಲ್ಲಿ ಓದಿ ಮಾಂತ್ರಿಕಳಾದವಳ ಕಥೆ ಎಷ್ಟು ಸೊಗಸಾಗಿರಬಹುದು! ನಿಯಮ ಅದಕ್ಕೆ ದಂಡ ಹಾಕುತ್ತದೆ.

ಇನ್ನೊಂದು ದೋಷ ಇದಕ್ಕಿಂತ ಆಳದ್ದು. ಕುಂದಾಪುರದ ಹೊಳೆಬದಿಯ ಮಗು ಉಬ್ಬರ ಇಳಿತದ ಹೊತ್ತನ್ನು ನೀರು ನೋಡಿಯೇ ಹೇಳುತ್ತದೆ. ಆ ತಿಳಿವಳಿಕೆ ರಕ್ತದಲ್ಲಿ ಬಂದದ್ದಲ್ಲ, ದೋಣಿಯಲ್ಲಿ ದೊಡ್ಡವರ ಪಕ್ಕ ಕೂತು ಬಂದದ್ದು. 2014ರ ಪುಸ್ತಕ ಈ ಎರಡನ್ನೂ ಒಂದೇ ಪಟ್ಟಿಯಲ್ಲಿ ಕಲಸಿಬಿಟ್ಟಿತು. ಹೈ ಎಲ್ಫ್‌ಗೂ ವುಡ್ ಎಲ್ಫ್‌ಗೂ ಕತ್ತಿ ಬಿಲ್ಲುಗಳ ಪರಿಣತಿ ಹುಟ್ಟಿನಿಂದಲೇ ಸಿಗುತ್ತದೆ. ಮನುಷ್ಯರ ಪಟ್ಟಣದಲ್ಲಿ ಅನಾಥಳಾಗಿ ಬೆಳೆದು, ಬಿಲ್ಲನ್ನೇ ಮುಟ್ಟದ ಎಲ್ಫ್ ಹುಡುಗಿಗೂ ಅದು ಬಂದುಬಿಡುತ್ತದೆ. ಎಲ್ಫ್‌ಗಳು ನಿದ್ದೆಯ ಬದಲು ನಾಲ್ಕು ಗಂಟೆ ಧ್ಯಾನದಲ್ಲಿ ಮುಳುಗುವ ನಿಯಮವನ್ನೇ ನೋಡಿ. ಆಗ ಕಾಣುವ ಕನಸುಗಳು ವರ್ಷಗಟ್ಟಲೆ ರೂಢಿಸಿಕೊಂಡ ಮನಸ್ಸಿನ ಅಭ್ಯಾಸ ಎಂದು ಪುಸ್ತಕವೇ ವಿವರಿಸುತ್ತದೆ. ಅಭ್ಯಾಸವೆಂದರೆ ಯಾರೋ ಕಲಿಸಿರಬೇಕು. ಯಾರು, ಎಲ್ಲಿ ಕಲಿಸಿದರು ಎಂದು ಮಾತ್ರ ಪುಸ್ತಕ ಕೇಳುವುದೇ ಇಲ್ಲ.

2020ರಲ್ಲಿ ಬಂದ ‘ಟಾಶಾಸ್ ಕಾಲ್ಡ್ರನ್ ಆಫ್ ಎವ್ರಿಥಿಂಗ್’ ಈ ಅಂಕಗಳನ್ನು ಬೇಕಾದಲ್ಲಿ ಇಟ್ಟುಕೊಳ್ಳಲು ಬಿಟ್ಟಿತು. 2024ರ ಹೊಸ ನಿಯಮಪುಸ್ತಕದಲ್ಲಿ ಅಂಕಗಳು ಕುಲವನ್ನು ಬಿಟ್ಟು ಪಾತ್ರದ ಹಿನ್ನೆಲೆಯ ಕಡೆಗೆ ಸರಿದವು. ಇದು ನ್ಯಾಯದ ಹೆಜ್ಜೆ, ಇದನ್ನು ಮನಸಾರೆ ಒಪ್ಪುತ್ತೇನೆ. ಆದರೆ ಹಿನ್ನೆಲೆ ಎಂದು ಅಲ್ಲಿರುವುದು ನಾವಿಕ, ಪಂಡಿತ, ಸೈನಿಕ ಇಂಥ ಬದುಕಿನ ದಾರಿಗಳು. ಯಾವ ಬಂದರಿನ ನಾವಿಕ ಎಂಬುದಕ್ಕೆ ನಿಯಮದಲ್ಲಿ ಜಾಗವಿಲ್ಲ. ಕುಲದ ಭಾರ ಇಳಿಸುವ ಭರದಲ್ಲಿ ಊರೂ ಕೈಜಾರಿತು.

ಊರನ್ನು ಹಿಡಿದಿಡುವ ಪ್ರಯತ್ನ ಹಿಂದೆಯೇ ನಡೆದಿತ್ತು. ಅದೇ ಆಟದ 2001ರ ‘ಫರ್ಗಾಟನ್ ರೆಲ್ಮ್ಸ್’ ಪುಸ್ತಕ ಪ್ರದೇಶಕ್ಕೊಂದು ಎಂಬಂತೆ ವಿಶೇಷ ಕೌಶಲಗಳನ್ನೂ ಆ ಕಡೆಯ ಸಲಕರಣೆಗಳನ್ನೂ ಕೊಟ್ಟಿತು. ಮರಗಳ ಮೇಲೆ ಬದುಕುವ ಜನರ ನಡುವೆ ಬೆಳೆದವರಿಗೆ ಹತ್ತುವುದರಲ್ಲಿ ಹೆಚ್ಚುಗಾರಿಕೆ. ಮನುಷ್ಯನಿಗೂ ಎಲ್ಫ್‌ಗೂ ಒಂದೇ ಊರು ಒಂದೇ ವಿದ್ಯೆ ಕಲಿಸಬಲ್ಲದು ಎಂಬ ಒಳ್ಳೆಯ ಯೋಚನೆ ಅದರಲ್ಲಿತ್ತು. ಆದರೆ ಅದೇ ಪುಸ್ತಕ ಸನ್ ಎಲ್ಫ್‌ಗೆ ಬುದ್ಧಿ ಕೂಡಿಸಿ, ವೈಲ್ಡ್ ಎಲ್ಫ್‌ಗೆ ಬುದ್ಧಿ ಕಳೆಯಿತು. ಕಾಡಿನವರೆಂದರೆ ದಡ್ಡರು ಎಂಬ ಹಳೆಯ ಪೂರ್ವಗ್ರಹವನ್ನು ಲೆಕ್ಕದ ರೂಪದಲ್ಲಿ ಮೇಜಿನ ಮೇಲಿಟ್ಟರೆ ಅದನ್ನು ಆಟವೆಂದು ಹಗುರಾಗಿ ಬಿಡಲು ನನ್ನಿಂದಾಗದು.

ಇದುವರೆಗೆ ಓದಿದ್ದರಲ್ಲಿ ನನಗೆ ಅತ್ಯಂತ ಸಮಾಧಾನ ಕೊಟ್ಟದ್ದು ಕೀತ್ ಬೇಕರ್ ಕಟ್ಟಿದ, 2004ರಲ್ಲಿ ಪುಸ್ತಕವಾಗಿ ಬಂದ ಎಬರಾನ್ ಲೋಕ. ಅಲ್ಲಿ ಏರೆನಾಲ್ ದ್ವೀಪದ ಎಲ್ಫ್‌ಗಳು, ವ್ಯಾಲೆನಾರ್‌ನ ಎಲ್ಫ್‌ಗಳು ಇಬ್ಬರೂ ಒಂದೇ ಬೇರಿನವರು, ಇಬ್ಬರಿಗೂ ಪೂರ್ವಜರೇ ಬದುಕಿನ ಕೇಂದ್ರ. ಏರೆನಾಲ್‌ನವರು ತಮ್ಮ ಹಿರಿಯರನ್ನು ಸಾವಿನಾಚೆಗೂ ಸಭೆಯಲ್ಲಿ ಉಳಿಸಿಕೊಂಡು ಅವರ ಮಾತು ಕೇಳುತ್ತಾರೆ. ವ್ಯಾಲೆನಾರ್‌ನವರು ಕುದುರೆಯೇರಿದ ಯೋಧರು. ತಮ್ಮನ್ನು ಆರಿಸಿಕೊಂಡ ವೀರಪೂರ್ವಜನ ಸಾಹಸಗಳನ್ನು ತಮ್ಮ ಬಾಳಿನಲ್ಲಿ ಮತ್ತೆ ನಡೆಸಿ ತೋರಿಸುವುದು ಅವರ ಹರಕೆ. ಡಂಜನ್ಸ್ ಅಂಡ್ ಡ್ರಾಗನ್ಸ್‌ನ ಐದನೇ ಆವೃತ್ತಿಯಲ್ಲಿ, ಅಂದರೆ 2014ರ ನಿಯಮಗಳಡಿ, ಈ ಲೋಕ ಮರಳಿದಾಗ ವ್ಯಾಲೆನಾರ್‌ನವರಿಗೆ ಬಾಗುಕತ್ತಿಯ ಪರಿಣತಿ, ಏರೆನಾಲ್‌ನವರಿಗೆ ಆಯುಧಗಳ ಬದಲು ಒಂದೇ ವಿದ್ಯೆಯಲ್ಲಿ ಇಮ್ಮಡಿ ಪರಿಣತಿ ದಕ್ಕಿತು. ಶತಮಾನಗಳ ಕಾಲ ಒಂದೇ ಕೆಲಸವನ್ನು ತಿದ್ದುತ್ತ ಕೂರುವ ಸಮಾಜ ಆ ಒಂದು ನಿಯಮದಲ್ಲೇ ಕಾಣುತ್ತದೆ. ಊರಿನ ಕಾರಣಕ್ಕೆ ಯಾರ ಬುದ್ಧಿಯೂ ಹೆಚ್ಚಲಿಲ್ಲ, ಕುಗ್ಗಲಿಲ್ಲ. ಬೋನಸ್ ಓದಿದರೆ ಊರಿನ ನಡವಳಿಕೆ ತಿಳಿಯುತ್ತದೆ.

2019ರಲ್ಲಿ ಬಂದ, ಪಾತ್‌ಫೈಂಡರ್ ಎಂಬ ಇನ್ನೊಂದು ಆಟದ ಎರಡನೇ ಆವೃತ್ತಿಯ ಆರ್ಕ್ಟಿಕ್ ಎಲ್ಫ್, ಕೇವರ್ನ್ ಎಲ್ಫ್‌ಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಿಮದವನಿಗೆ ಚಳಿ ತಡೆಯುವ ಮೈ, ಗುಹೆಯವನಿಗೆ ಕತ್ತಲಲ್ಲಿ ಕಾಣುವ ಕಣ್ಣು: ಅಲ್ಲಿ ಹವಾಮಾನವಿದೆ, ಸಮಾಜವಿಲ್ಲ.

‘ದಿ ಒನ್ ರಿಂಗ್’ ಆಟದ ಎರಡನೇ ಆವೃತ್ತಿಯಲ್ಲಿ ಬೆಲೆಯ ಮಾತೂ ಬರುತ್ತದೆ. ಟೋಲ್ಕಿನ್‌ನ ಮಧ್ಯಭೂಮಿಯನ್ನೇ ನೆಲವಾಗಿಸಿಕೊಂಡ ಆ ಆಟದಲ್ಲಿ ಲಿಂಡನ್‌ನ ಎಲ್ಫ್‌ಗಳು ತಮಗೆ ಗೊತ್ತಿರುವ ವಿದ್ಯೆಯಲ್ಲಿ, ಭರವಸೆಯ ಒಂದು ಅಂಕ ಖರ್ಚು ಮಾಡಿ, ಮನುಷ್ಯರಿಗೆ ಎಟುಕದ ಗೆಲುವು ಪಡೆಯಬಲ್ಲರು. ಆದರೆ ಮನಸ್ಸಿಗೆ ಕವಿದ ಕರಿನೆರಳನ್ನು ವಿಶ್ರಾಂತಿಯ ಕಾಲದಲ್ಲಿ ಒಂದು ಅಂಕಕ್ಕಿಂತ ಹೆಚ್ಚು ಕಳೆದುಕೊಳ್ಳಲಾರರು. ಕಡಲಂಚಿನಲ್ಲಿ ನಿಂತು ಒಡನಾಡಿಗಳು ಒಬ್ಬೊಬ್ಬರಾಗಿ ಹಡಗೇರುವುದನ್ನು ನೋಡಿದ ಜನರ ದುಃಖ ಹಾಗೆಯೇ ಇರಬೇಕು. ಊರು ಕೊಟ್ಟದ್ದನ್ನೂ ಊರು ಕಸಿದದ್ದನ್ನೂ ಒಟ್ಟಿಗೆ ಹೇಳುವ ಧೈರ್ಯ ಈ ನಿಯಮಕ್ಕಿದೆ.

ಹಾಗಾದರೆ ಅದೇ ಮಧ್ಯಭೂಮಿಯ ಮಿರ್ಕ್‌ವುಡ್ ಕಾಡಿನ ಎಲ್ಫ್‌ಗೆ ಏನು ಕೊಡಬೇಕು? 1937ರ ‘ದಿ ಹಾಬಿಟ್’ನಲ್ಲೇ ಸಾಮಗ್ರಿ ತುಂಬಿ ಬಿದ್ದಿದೆ. ಆ ಜನ ಸರೋವರದ ಪಟ್ಟಣದವರೊಡನೆ ವ್ಯಾಪಾರ ಮಾಡುತ್ತಾರೆ, ಖಾಲಿ ಪೀಪಾಯಿಗಳನ್ನು ನದಿಗೆ ತೇಲಿಬಿಡುತ್ತಾರೆ, ದೂರದ ಡೋರ್ವಿನಿಯನ್‌ನಿಂದ ದ್ರಾಕ್ಷಾರಸ ತರಿಸುತ್ತಾರೆ. ಮೈಮರೆಸುವ ಹಳ್ಳ ಯಾವುದು, ಜೇಡಗಳ ಬಲೆ ಎಲ್ಲಿ ದಟ್ಟ ಎಂಬುದು ಅವರಿಗೆ ಗೊತ್ತಿರಲೇಬೇಕು. ನಾನು ಆಟ ನಡೆಸುವವನಾದರೆ ವಿವೇಕಕ್ಕೆ 1 ಎಂದು ಬರೆಯುವುದಿಲ್ಲ. ಪಟ್ಟಣದ ದೋಣಿಯವರಲ್ಲಿ ಒಬ್ಬ ಅವಳನ್ನು ಹೆಸರು ಹಿಡಿದು ಕರೆಯುತ್ತಾನೆ ಎಂದು ಬರೆಯುತ್ತೇನೆ. ಯಾವ ನದಿಯಲ್ಲೇ ಆಗಲಿ, ನೀರಿನ ಸೆಳೆತ ಓದುವಾಗ ಅವಳು ದಾಳವನ್ನು ಎರಡು ಸಲ ಎಸೆದು ಒಳ್ಳೆಯದನ್ನು ಇಟ್ಟುಕೊಳ್ಳಲಿ. ಕುಬ್ಜರೊಡನೆ ಮೊದಲ ಮಾತುಕತೆಯಲ್ಲಿ ಮಾತ್ರ ಎರಡರಲ್ಲಿ ಕೆಟ್ಟದ್ದೇ ಅವಳ ಪಾಲಿಗೆ ಬರಲಿ, ಏಕೆಂದರೆ ಅವಳ ರಾಜ ಹದಿಮೂರು ಕುಬ್ಜರನ್ನು ಸೆರೆಯಲ್ಲಿಟ್ಟ ಸುದ್ದಿ ಅವರಿಗೆಲ್ಲ ಗೊತ್ತು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದು ಹುರುಳಿರುವ ಆಕ್ಷೇಪ. ಕಥೆ ಮರಳುಗಾಡಿಗೆ ಹೋದರೆ ಕಾಡಿನ ತಿಳಿವಳಿಕೆ ಯಾವ ಕೆಲಸಕ್ಕೆ? ಅಂಕವಾದರೆ ಎಲ್ಲೆಡೆ ನಡೆಯುತ್ತದಲ್ಲ? ಅದಕ್ಕೇ ಬೋನಸ್ಸನ್ನು ಕಾಡಿಗೆ ಕಟ್ಟಿಹಾಕದೆ ಅಲ್ಲಿ ಕಲಿತ ಕೆಲಸಕ್ಕೆ ಕಟ್ಟಬೇಕು. ಸೆಳೆತ ಓದಬಲ್ಲವಳಿಗೆ ಹೊಸ ನಾಡಿನ ನದಿಯಲ್ಲೂ ಆ ಕಣ್ಣು ಉಪಯೋಗಕ್ಕೆ ಬರುತ್ತದೆ. ಇನ್ನೊಂದು ತುದಿಯ ಅಪಾಯವೂ ಇದೆ. 2014ರ ಪುಸ್ತಕದ ರೇಂಜರ್ ಎಂಬ ಕಾಡುಮೇಡಿನ ಬೇಟೆಗಾರ ತನ್ನ ಮೆಚ್ಚಿನ ನೆಲದಲ್ಲಿ ಪಯಣಿಸುವಾಗ, ಮಾಟದಿಂದಲ್ಲದೆ, ತಂಡ ದಾರಿ ತಪ್ಪುವಂತೆಯೇ ಇಲ್ಲ. ಕಾಡು ಬಲ್ಲವಳೊಬ್ಬಳು ಇದ್ದಾಳೆಂಬ ಕಾರಣಕ್ಕೆ ಕಾಡಿನ ಪ್ರಯಾಣವೇ ಆಟದಿಂದ ಮಾಯವಾಗುತ್ತದೆ. ತಿಳಿದವರಿಗೆ ಎರಡು ದಾರಿಗಳ ಪೈಕಿ ಯಾವುದರಲ್ಲಿ ಯಾವ ಅಪಾಯ ಎಂದು ಹೇಳಿ, ಆಯ್ಕೆಯನ್ನು ಅವರ ಕೈಗೆ ಬಿಡಬೇಕು.

ಎಲ್ಫ್‌ಗಳ ವಿಷಯದಲ್ಲಿ ಇನ್ನೂ ಯಾರೂ ಸರಿಯಾಗಿ ಮುಟ್ಟದ ಸಂಗತಿ ಆಯುಸ್ಸು. 2014ರ ಪುಸ್ತಕದ ಪ್ರಕಾರ ಅವರು 750 ವರ್ಷ ಬಾಳಬಲ್ಲರು, ನೂರರ ಸುಮಾರಿಗೆ ದೊಡ್ಡವರೆನಿಸಿಕೊಳ್ಳುತ್ತಾರೆ. ಎಂದರೆ ಊರು ಬಿಡುವ ಹೊತ್ತಿಗೆ ಒಂದಿಡೀ ಶತಮಾನ ಅಲ್ಲಿ ಕಳೆದಿರುತ್ತದೆ. ಬಿಟ್ಟು ಇನ್ನೂರು ವರ್ಷವಾದ ಮೇಲೆ ಅವಳ ತಿಳಿವಳಿಕೆ ಹಳತಾಗಿರಬೇಕು. ಅವಳು ನೆನಪಿಟ್ಟ ಸೇತುವೆ ಕುಸಿದಿರುತ್ತದೆ, ಹೆಸರು ಹಿಡಿದು ಕರೆಯುತ್ತಿದ್ದ ದೋಣಿಯವನ ಮೊಮ್ಮಕ್ಕಳ ಮೊಮ್ಮಕ್ಕಳು ಈಗ ಹುಟ್ಟು ಹಾಕುತ್ತಿರುತ್ತಾರೆ. ಆದರೆ ಮುಚ್ಚಿಹೋದ ಹಳೆಯ ಸುರಂಗದ ಬಾಯಿ ಎಲ್ಲಿತ್ತೆಂದು ಹೇಳಬಲ್ಲವಳು ಅವಳೊಬ್ಬಳೇ. ಊರಿನ ಬೋನಸ್ ಪಕ್ಕದಲ್ಲಿ ಅವಳು ಊರು ಬಿಟ್ಟ ವರ್ಷವನ್ನೂ ಬರೆದು, ಎಸೆತ ಗೆದ್ದಾಗ ಅವಳಿಗೆ ಆ ಕಾಲದ ಉತ್ತರವನ್ನೇ ಕೊಡುವ ನಿಯಮ ಬರಬೇಕು. ಈಗಿರುವ ಯಾವ ಪುಸ್ತಕಕ್ಕೂ ಧಕ್ಕೆ ತಾರದೆ, ಪಾತ್ರದ ಹಾಳೆಯ ಅಂಚಿನಲ್ಲಿ ಒಂದು ಸಾಲು ಸೇರಿಸಿದರೆ ಇದು ನಡೆಯುತ್ತದೆ.